ಓಡುವ ಹುಡುಗಿಯ ಊಟ

ಕಳೆದ ಮಳೆಗಾಲದ ಕೊನೆಗೆ ಕೊಪ್ಪದಲ್ಲಿ ಶಾಲಾ ಕ್ರೀಡಾಕೂಟ ನೋಡಲು ಹೋಗಿದ್ದೆ. ಪಿ.ಟಿ. ಟೀಚರ್ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳಾದರೂ ಸೀಟಿ ಸದ್ದು ಕೇಳಿದರೆ ನನ್ನ ಕಾಲು ಅತ್ತಲೇ ಹೋಗುತ್ತದೆ. ಎಳೆದ ಸುಣ್ಣದ ಗೆರೆಯೆಲ್ಲ ಮಳೆಗೆ ತೊಳೆದುಹೋಗಿತ್ತು. ಹುಡುಗಿಯರು ಕೆಸರಿನಲ್ಲೇ 3000 ಮೀಟರ್ ಓಡಿದರು. ಮೊದಲು ಬಂದವಳು ನರಸಿಂಹರಾಜಪುರದ ಕಡೆಯವಳು, ಕಡ್ಡಿಯಂಥ ಹುಡುಗಿ. ಅವಳ ಅಜ್ಜಿ ಕೊಡೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು.

“ಮೆಡಲ್ ಬಂತು, ಸಂತೋಷ ಟೀಚರೇ. ಆದರೆ ಇವಳಿಗೆ ಹದಿನೈದು ತುಂಬಿ ಮೂರು ತಿಂಗಳಾಯ್ತು, ಇನ್ನೂ ದೊಡ್ಡವಳಾಗಿಲ್ಲ. ಓಡಿ ಓಡಿಯೇ ಹೀಗಾಯ್ತು ಅಂತಾರೆ ನೆಂಟರು. ಇನ್ನು ಸಾಕು, ಬಿಡಿಸ್ತೇವೆ” ಎಂದರು.

ಹುಡುಗಿ ಕೇಳಿಸದವಳಂತೆ ಶೂ ಬಿಚ್ಚುತ್ತಾ ಕೂತಿದ್ದಳು. ಕೇಳಿಸಿತ್ತು.

ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದ ಮೇಲೆ ಹೆಣ್ಣುಮಕ್ಕಳಿಗೆ ಆಟ ಯಾಕೆ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಆದರೆ ಈ ಒಂದು ಕಾರಣಕ್ಕೆ ಆಟ ಬಿಡಿಸುವುದು ಈಗಲೂ ಇದೆ. ಆ ಕುಟುಂಬದ ಒಪ್ಪಿಗೆ ಪಡೆದು, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇನೆ. ಮಕ್ಕಳೇ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಅಜ್ಜ ಅಜ್ಜಿಯರ ಎದುರೇ ಓದಿ.

ನಾನು ಅಜ್ಜಿಗೆ ಕೇಳಿದ್ದು ಒಂದೇ: “ಇವಳು ಬೆಳಿಗ್ಗೆಯಿಂದ ಎಂತ ತಿಂತಾಳೆ?”

ಐದೂವರೆಗೆ ಎದ್ದು ಒಂದು ಲೋಟ ಕಪ್ಪು ಕಾಫಿ. ಗುಡ್ಡದ ರಸ್ತೆಯಲ್ಲಿ ಒಂದು ಗಂಟೆ ಓಟ. ಕಡುಬು ಬೇಯುವ ಹೊತ್ತಿಗೆ ಬಸ್ಸು ಬರುತ್ತದೆ, ಹಾಗಾಗಿ ತಿಂಡಿ ಇಲ್ಲ. ಬಸ್ಸಿಗೆ ಎರಡು ಕಿಲೋಮೀಟರ್ ನಡಿಗೆ. ಮಧ್ಯಾಹ್ನ ಶಾಲೆಯ ಊಟ, ಅದರಲ್ಲೂ ಮೊಟ್ಟೆ ಬೇಡ, “ಹೊಟ್ಟೆ ಭಾರ ಆಗ್ತದೆ” ಅಂತ. ಸಂಜೆ ಮತ್ತೆ ಅಭ್ಯಾಸ. ರಾತ್ರಿ ಸುಸ್ತಾಗಿ ಒಂದು ತುತ್ತು ತಿಂದು ಮಲಗುವುದು.

ಮೈನೆರೆಯುವುದಕ್ಕೆ ಅಪ್ಪಣೆ ಹೋಗುವುದು ಮಿದುಳಿನಿಂದ. ಅದರ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗ ಮನೆಯ ಹಿರಿಯರ ಹಾಗೆ ಕಣಜ ನೋಡಿ ಖರ್ಚು ಮಾಡುತ್ತದೆ. ತಿಂದದ್ದರಲ್ಲಿ ಹೆಚ್ಚಿನದು ಓಟಕ್ಕೇ ಹೋದರೆ ಹೃದಯ, ಉಸಿರಾಟದಂಥವನ್ನು ಹೇಗೋ ನಡೆಸಿ, ದೊಡ್ಡವಳಾಗುವ ಕೆಲಸವನ್ನು ಮುಂದಕ್ಕೆ ಹಾಕುತ್ತದೆ. ತೂಕ ತೀರಾ ಇಳಿಯಲೇಬೇಕೆಂದೂ ಇಲ್ಲ. ನೋಡಲು ಸರಿಯಾಗಿಯೇ ಇರುವ ಮಕ್ಕಳಲ್ಲೂ ಹೀಗಾಗುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಸ್ ಫ್ರಿಶ್ ಎಂಬ ವಿಜ್ಞಾನಿ 1981ರಲ್ಲಿ ಕಾಲೇಜಿನ ಓಟಗಾರ್ತಿಯರನ್ನೂ ಈಜುಗಾರ್ತಿಯರನ್ನೂ ವಿಚಾರಿಸಿ ಒಂದು ಲೆಕ್ಕ ಕೊಟ್ಟರು: ಮೈನೆರೆಯುವ ಮೊದಲು ತರಬೇತಿ ಮಾಡಿದ ಒಂದೊಂದು ವರ್ಷಕ್ಕೂ ಸುಮಾರು ಐದು ತಿಂಗಳು ತಡ. ಈ ಲೆಕ್ಕ ಹಿಡಿದುಕೊಂಡು ಎಷ್ಟೋ ಮನೆಗಳಲ್ಲಿ ಹೆದರಿದ್ದಾರೆ. ಆದರೆ ಆಮೇಲಿನವರು ಇನ್ನೊಂದು ಮಾತು ಹೇಳಿದರು. ಜಿಮ್ನಾಸ್ಟಿಕ್ಸ್‌ನಂಥ ಆಟಗಳಲ್ಲಿ ಸಣ್ಣ ಮೈಯವರು, ತಡವಾಗಿ ಬೆಳೆಯುವವರೇ ಗೆದ್ದು ಉಳಿದುಕೊಳ್ಳುತ್ತಾರೆ. ಆಟದಿಂದ ತಡವಾಯಿತೋ, ತಡವಾಗುವವರೇ ಆಟದಲ್ಲಿ ಉಳಿದರೋ? ಮನೆತನವೂ ಇದೆ. ಈ ಹುಡುಗಿಯ ತಾಯಿಯೂ ಹದಿನಾಲ್ಕು ತುಂಬಿದ ಮೇಲೆಯೇ ದೊಡ್ಡವಳಾದದ್ದಂತೆ. ಅದನ್ನು ಅಜ್ಜಿ ಕೊನೆಗೆ ನೆನಪು ಮಾಡಿಕೊಂಡರು!

ಹಾಗಾದರೆ ತಡವಾದರೆ ಒಳ್ಳೆಯದೇ ಅಲ್ಲವೇ, ತಿಂಗಳಿನ ರಗಳೆ ಇಲ್ಲ, ಎನ್ನುವವರೂ ಇದ್ದಾರೆ. ನಾನೇ ಹಾಗೆ ಹೇಳಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಓಟದ ಹುಡುಗಿಯರಿಗೆ “ಮೈ ಹಗುರ ಇರಬೇಕು, ರಾತ್ರಿ ಅನ್ನ ಕಮ್ಮಿ ಮಾಡಿ” ಎನ್ನುತ್ತಿದ್ದೆ. ಒಬ್ಬಳು ಮುಟ್ಟು ನಿಂತು ಐದು ತಿಂಗಳಾಯಿತು ಎಂದು ಪಿಸುಗುಟ್ಟಿದಾಗ, “ಒಳ್ಳೇದೇ ಆಯ್ತು ಬಿಡು” ಎಂದೆ. ಮರುವರ್ಷ ಅವಳ ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಟ್ಟಿತು. ನಾನು ಹೊಸ ಶೂ ಕೊಡಿಸಿದೆ.

ಶೂವಿನ ತಪ್ಪಲ್ಲ ಅದು. ಮುಟ್ಟು ತರುವ ಹಾರ್ಮೋನೇ ಎಲುಬನ್ನೂ ಗಟ್ಟಿ ಮಾಡುವುದು. ಜೀವನಕ್ಕೆ ಬೇಕಾದ ಎಲುಬಿನ ಬಹುಪಾಲು ಹದಿನೆಂಟರ ಆಸುಪಾಸಿನೊಳಗೆ ಕಟ್ಟಿ ಆಗುತ್ತದೆ. ಅಜ್ಜಿಯರೇ, ನಿಮ್ಮ ಸೊಂಟದ ಎಲುಬಿನ ಕಥೆ ಶುರುವಾಗುವುದು ಆ ವಯಸ್ಸಿನಲ್ಲಿ. ಅಮೆರಿಕದ ಓಟಗಾರ್ತಿ ಮೇರಿ ಕೇನ್ ಹದಿನೇಳಕ್ಕೇ ವಿಶ್ವ ಚಾಂಪಿಯನ್‌ಷಿಪ್ ತಂಡಕ್ಕೆ ಬಂದವರು. ತೂಕ ಇಳಿಸು ಎಂಬ ಒತ್ತಾಯದಲ್ಲಿ ಮೂರು ವರ್ಷ ಮುಟ್ಟು ನಿಂತಿತು, ಐದು ಎಲುಬು ಮುರಿಯಿತು ಎಂದು 2019ರಲ್ಲಿ ಬಹಿರಂಗವಾಗಿ ಹೇಳಿದರು. ಅದನ್ನು ಓದಿದ ದಿನ ನನಗೆ ಆ ಹಳೆಯ ಶೂ ನೆನಪಾಯಿತು.

ಗಂಡುಹುಡುಗರೇ, ನಿಮಗಿದು ಸಂಬಂಧವಿಲ್ಲ ಅಂದುಕೊಳ್ಳಬೇಡಿ. ತೂಕದ ವರ್ಗಕ್ಕಾಗಿ ಊಟ ಬಿಡುವ ಕುಸ್ತಿಯ ಹುಡುಗನ ಬೆಳವಣಿಗೆಯೂ ಹಿಂದೆ ಬೀಳಬಹುದು. ಧ್ವನಿ ಒಡೆಯದ ಹುಡುಗ ಮೀಸೆ ಮೂಡಿದವನ ಜೊತೆ ಓಡಿ ಸೋತರೆ ಅದು ಸೋಲೇ ಅಲ್ಲ. ಎರಡು ವರ್ಷ ಬಿಟ್ಟು ನೋಡಿ. ಆ ನಡುವೆ ಅವನನ್ನು ತಂಡದಿಂದ ತೆಗೆಯದ ಮೇಷ್ಟ್ರು ಬೇಕು, ಅಷ್ಟೇ.

ಆಟ ಬಿಡಿಸುವ ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಅಜ್ಜಿಗೆ ಹೇಳಿದೆ. ಹುಡುಗಿಗೆ 13 ತುಂಬಿದರೂ ಎದೆ ಮೂಡದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ, ಶುರುವಾದ ಮುಟ್ಟು ಮೂರು ತಿಂಗಳು ನಿಂತರೆ, ಹುಡುಗನಿಗೆ 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ ತೋರಿಸಲೇಬೇಕು. ಥೈರಾಯ್ಡ್‌ನಂಥ ಬೇರೆ ಕಾರಣವೂ ಇರಬಹುದು, ಎಲ್ಲವನ್ನೂ ಓಟದ ತಲೆಗೆ ಕಟ್ಟಬಾರದು.

ಅವರು ಹೋದರು. ರಕ್ತಪರೀಕ್ಷೆಯಲ್ಲಿ ಬೇರೆ ತೊಂದರೆ ಕಾಣಲಿಲ್ಲ, ರಕ್ತ ಸ್ವಲ್ಪ ಕಮ್ಮಿ ಇತ್ತು. ಡಾಕ್ಟರು ಓಟ ನಿಲ್ಲಿಸಿ ಎನ್ನಲಿಲ್ಲ. ವಾರಕ್ಕೆ ಎರಡು ದಿನ ಬಿಡುವು, ಹೊಟ್ಟೆ ತುಂಬ ಊಟ ಎಂದರು. ಈಗ ಓಟಕ್ಕೆ ಮೊದಲು ಬಾಳೆಹಣ್ಣು, ಬಸ್ಸಿಗೆ ಹೋಗುವಾಗ ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಶಾಲೆಯಲ್ಲಿ ಹಾಲು, ಮೊಟ್ಟೆ, ಸಂಜೆ ರಾಗಿ ಗಂಜಿ. ಕಡುಬಿನ ಒಲೆ ಐದಕ್ಕೇ ಉರಿಯುತ್ತದೆ. ಹೆಚ್ಚು ಕಷ್ಟವಾದದ್ದು ಬಿಡುವಿನ ದಿನ ಅವಳನ್ನು ಕೂರಿಸುವುದಂತೆ!

ಮಾಘದ ಚಳಿಯಲ್ಲಿ ಒಂದು ಸಂಜೆ ನಾನು ಶೃಂಗೇರಿಯಲ್ಲಿ ತಂಗಿಯ ಮನೆಯಲ್ಲಿದ್ದಾಗ ಅಜ್ಜಿಯ ಫೋನು. ಸಿಹಿ ಸುದ್ದಿ ಹೇಳಿದರು, ಚಿಗಳಿ ಮಾಡಿದ್ದನ್ನೂ ಹೇಳಿದರು. ಮತ್ತೆ ದನಿ ತಗ್ಗಿಸಿ ಕೇಳಿದರು:

“ಟೀಚರೇ, ಆ ದಿನಗಳಲ್ಲಿ ಓಡಬಹುದಾ? ಇವಳು ಆಗಲೇ ಶೂ ಹುಡುಕ್ತಿದ್ದಾಳೆ.”

ಹೊಟ್ಟೆನೋವಿಲ್ಲದಿದ್ದರೆ ಓಡಬಹುದು ಎಂದೆ.