‘ಇತರೆ’ ಖಾನೆಗೆ ಬಿದ್ದ ಅನುವಾದಕರು

ವಿಶ್ವವಿದ್ಯಾಲಯಗಳ ಪ್ರಬಂಧಗಳು, ಹಳೆಯ ಪತ್ರಿಕೆಗಳು, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಈಗ ಡಿಜಿಟಲ್ ಭಂಡಾರಗಳಲ್ಲಿವೆ. ಇಂಥ ಎಷ್ಟೋ ಭಂಡಾರಗಳು ನಡೆಯುವುದು ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ. ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಹೊರತಂದ ಮುಕ್ತ ತಂತ್ರಾಂಶ ಅದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಕೂಡ ಅದನ್ನೇ ನೆಚ್ಚಿದೆ. ಸಂಜೆ ಎದ್ದು ಮೈಸೂರಿನ ಗ್ರಂಥಾಲಯಕ್ಕೆ ಹೋಗಿಬರಲಾಗದ ಮುಂಬೈ, ದೆಹಲಿಯ ಕನ್ನಡಿಗರಿಗೆ ಕಪಾಟು ಎಂದರೆ ಈ ಪರದೆಯೇ. ಆ ಕಪಾಟನ್ನು ಹೇಗೆ ಜೋಡಿಸಬೇಕೆಂದು ತೀರ್ಮಾನಿಸುವುದು ಸೆಟ್ಟಿಂಗ್ ಫೈಲಿನ ನಾಲ್ಕು ಸಾಲು: ಪ್ರಕಟವಾದ ದಿನಾಂಕ, ಲೇಖಕ, ಶೀರ್ಷಿಕೆ, ವಿಷಯ. ಇದು ‘ಕಂಪ್ಯೂಟರ್‌ನವರ ಕೆಲಸ’ ಎಂದು ಕೈತೊಳೆದುಕೊಳ್ಳುವ ಅಭ್ಯಾಸಕ್ಕೆ ಬೆಲೆ ತೆರುತ್ತಿರುವವರು ಓದುಗರು, ಅವರಿಗಿಂತ ಹೆಚ್ಚಾಗಿ ಅನುವಾದಕರು.

ಡಿಸ್ಪೇಸ್ ಜತೆಗೇ ಬರುವ ವಿವರಪಟ್ಟಿಯಲ್ಲಿ ಕೃತಿಗೆ ದುಡಿದವರಿಗೆಂದು ಕೆಲವು ಖಾನೆಗಳಿವೆ: ಲೇಖಕ, ಮಾರ್ಗದರ್ಶಕ, ಸಂಪಾದಕ, ಚಿತ್ರಕಾರ, ಇತರೆ. ಅನುವಾದಕ ಎಂಬ ಖಾನೆ ಇಲ್ಲ. ಚಿತ್ರ ಬರೆದವರಿಗೆ ಹೆಸರಿದೆ, ಇಡೀ ಪುಸ್ತಕವನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ಬರೆದವರು ‘ಇತರೆ’. ಮೇಲಾಗಿ ಲೇಖಕರ ಪಟ್ಟಿಯ ಸಾಲಿನಲ್ಲಿ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಆ ಎಲ್ಲ ಖಾನೆಗಳ ಹೆಸರುಗಳನ್ನೂ ಒಂದೇ ಪಟ್ಟಿಗೆ ಸುರಿ ಎಂದು ಅದರ ಅರ್ಥ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರದು, ಎ.ಕೆ. ರಾಮಾನುಜನ್ ಮಾಡಿದ ಅದರ ಇಂಗ್ಲಿಷ್ ಅನುವಾದ 1976ರದು. ಮೂಲ ಸೆಟ್ಟಿಂಗನ್ನು ಮುಟ್ಟದ ಭಂಡಾರಕ್ಕೆ ಈ ಅನುವಾದ ಸೇರಿದರೆ ಅದು ಇಬ್ಬರು ‘ಲೇಖಕರ’ ಹೆಸರಿನಲ್ಲೂ ಕಾಣುತ್ತದೆ. ರಾಮಾನುಜನ್ ಹೆಸರನ್ನು ಒತ್ತಿದರೆ ಅವರ ಸ್ವಂತ ಕವಿತೆಗಳೂ ಅನುವಾದಗಳೂ ಕಲಸಿಕೊಂಡು ಬರುತ್ತವೆ. ಅವರ ಅನುವಾದಗಳನ್ನಷ್ಟೇ ನೋಡಬೇಕೆನ್ನುವವರಿಗೆ ದಾರಿಯೇ ಇಲ್ಲ.

ಇದನ್ನು ಸರಿಪಡಿಸುವುದು ದೊಡ್ಡ ವಿದ್ಯೆಯೇನಲ್ಲ. ವಿವರಪಟ್ಟಿಗೂ ಸಲ್ಲಿಕೆ ನಮೂನೆಗೂ ‘ಅನುವಾದಕ’ ಖಾನೆ ಸೇರಿಸಬೇಕು. ‘ಇತರೆ’ಯಲ್ಲಿ ಬಿದ್ದಿರುವ ಹೆಸರುಗಳನ್ನು ಅಲ್ಲಿಗೆ ಸಾಗಿಸಬೇಕು. ನಕ್ಷತ್ರ ತೆಗೆದು ಲೇಖಕ ಖಾನೆಯನ್ನೇ ಹೆಸರಿಸಬೇಕು. ಕೊನೆಗೆ ಅನುವಾದಕರಿಗೆಂದು ಐದನೆಯ ಸಾಲು ಬರೆಯಬೇಕು. ಎಡವುವ ಜಾಗಗಳು ಮೂರು. ಸಾಲುಗಳ ಅಂಕಿ ಬಿಡದೆ ಸಾಗಬೇಕು. ನಾಲ್ಕಾದ ಮೇಲೆ ಆರು ಎಂದು ಬರೆದರೆ ತಂತ್ರಾಂಶ ನಾಲ್ಕಕ್ಕೇ ಓದು ನಿಲ್ಲಿಸುತ್ತದೆ, ಹೊಸ ಪಟ್ಟಿ ಕಾಣುವುದೇ ಇಲ್ಲ. ಡಿಸ್ಪೇಸ್ 6ರಿಂದ ಈಚೆಗೆ, ಒಂದೇ ಸಾಲಿನಲ್ಲಿ ಎರಡು ಖಾನೆ ಸೇರಿಸುವಾಗ ನಡುವಿನ ಅಲ್ಪವಿರಾಮದ ಹಿಂದೆ ಹಿಂಬದಿ ಓರೆಗೆರೆ ಹಾಕಬೇಕು; ಮರೆತರೆ ಸಾಲು ತುಂಡಾಗುತ್ತದೆ. ಎಲ್ಲ ಆದ ಮೇಲೆ ಸರ್ವರನ್ನು ಮರುಚಾಲೂ ಮಾಡಿ ಸೂಚಿಯನ್ನು ಮೊದಲಿಂದ ಕಟ್ಟಿಸಬೇಕು. ಇಲ್ಲವಾದರೆ ಹೊಸದಾಗಿ ಸೇರಿದವಷ್ಟೇ ಕಾಣುತ್ತವೆ, ಹಳೆಯವು ಕಾಣೆ. ಒಂದು ಮಧ್ಯಾಹ್ನದ ಕೆಲಸಕ್ಕೆ ವರ್ಷಗಟ್ಟಲೆ ‘ಸಾಫ್ಟ್‌ವೇರಿನಲ್ಲೇ ಇಲ್ಲ’ ಎಂಬ ಉತ್ತರ ಸಲ್ಲದು. ನಿಧಾನ ಹಿಡಿಯುವುದು ಹಳೆಯ ಹೆಸರುಗಳ ಸಾಗಾಟ, ಅದಕ್ಕೆ ಬೇಕಾದ್ದು ಕಂಪ್ಯೂಟರ್ ಅಲ್ಲ, ಪುಸ್ತಕ ಬಲ್ಲವರು.

‘ಹುಡುಕುವ ಪೆಟ್ಟಿಗೆ ಇದೆಯಲ್ಲ, ಪಟ್ಟಿ ಯಾರಿಗೆ ಬೇಕು?’ ಎಂಬುದು ಎದುರು ವಾದ. ಏನು ಬೇಕೆಂದು ಮೊದಲೇ ತಿಳಿದವರಿಗೆ ಆ ಪೆಟ್ಟಿಗೆ ಸಾಕು. ಹೆಸರೇ ಕೇಳಿರದ ಅನುವಾದಕರನ್ನು ಯಾರು ತಾನೇ ಹುಡುಕಿಯಾರು? ಅಷ್ಟೇ ಅಲ್ಲ, ಕನ್ನಡದಲ್ಲಿ ಹುಡುಕಾಟವೂ ಕೈಕೊಡುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವ ರೂಢಿ ಹಳೆಯದು. ‘ಸಂಸ್ಕಾರ’, ‘ಸ೦ಸ್ಕಾರ’ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಪಟ್ಟಿಯಲ್ಲಿ ಮೊದಲನೆಯದು ಸಕಾರದ ಆರಂಭದಲ್ಲಿ, ಎರಡನೆಯದು ಅದರ ಕೊನೆಯಲ್ಲಿ ಬೀಳುತ್ತದೆ. ಬಿ.ಎಂ.ಶ್ರೀ. ಒಂದು ಕಡೆ, ಬಿ.ಎಂ. ಶ್ರೀಕಂಠಯ್ಯ ಅದರ ಪಕ್ಕ, ‘ಶ್ರೀಕಂಠಯ್ಯ, ಬಿ.ಎಂ.’ ಎಷ್ಟೋ ಪುಟ ದೂರ: ಒಬ್ಬರೇ ಮೂವರಾಗುತ್ತಾರೆ. ಹುಡುಕುವ ಪೆಟ್ಟಿಗೆ ಈ ತಪ್ಪುಗಳನ್ನು ಮುಚ್ಚಿಡುತ್ತದೆ. ಪಟ್ಟಿ ಅವನ್ನು ಕಣ್ಣೆದುರು ಹರಡುತ್ತದೆ, ಸಾಲಾಗಿ ನೋಡಿದವರು ತಿದ್ದಬಲ್ಲರು.

ತಪ್ಪು ತಂತ್ರಾಂಶದ್ದಲ್ಲ. ಬದಲಾಯಿಸಿಕೊಳ್ಳಲು ಅದು ಎಲ್ಲ ಬಾಗಿಲನ್ನೂ ತೆರೆದಿಟ್ಟಿದೆ. ಯಾರ ಹೆಸರಿಗೆ ಪಟ್ಟಿ ಇರಬೇಕು, ಯಾವ ರೂಪದಲ್ಲಿ ಹೆಸರು ಬರೆಯಬೇಕು ಎಂಬುದು ಭಾಷೆ ಬಲ್ಲವರು ಕೂತು ತೀರ್ಮಾನಿಸಬೇಕಾದ ಸಂಗತಿ. ಕನ್ನಡ ಪುಸ್ತಕಗಳಿರುವ ಪ್ರತಿಯೊಂದು ಭಂಡಾರವೂ ಐದನೆಯ ಆ ಸಾಲನ್ನು ಬರೆಯಬೇಕು. ಎಲ್ಲಿ ಬರೆದಿಲ್ಲವೋ ಅಲ್ಲಿಯ ಗ್ರಂಥಪಾಲಕರನ್ನು ಓದುಗರು ಹೆಸರು ಹಿಡಿದು ಕೇಳಬೇಕು: ನಿಮ್ಮಲ್ಲಿ ಅನುವಾದಕರು ಎಲ್ಲಿದ್ದಾರೆ?