ಸೊಟ್ಟ ಬೆರಳು, ಬಡಕಲು ತೋಳು

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಸುತ್ತಿನ ಹಳ್ಳಿಗಳಲ್ಲಿ ಹಸು ಕಟ್ಟಿದ ಮನೆಯವರಿಗೆ ಮೇವು ಕತ್ತರಿಸುವ ಯಂತ್ರದ ಪರಿಚಯ ಮಾಡಿಕೊಡಬೇಕಾದುದಿಲ್ಲ. ಅದು ತಿರುಗುತ್ತಿರುವಾಗ ಮಕ್ಕಳು ಹತ್ತಿರ ಸುಳಿದರೆ ತಾಯಂದಿರ ಎದೆ ಝಲ್ಲೆನ್ನುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಇಂತಹುದೇ ಯಂತ್ರಕ್ಕೆ ಬಲಗೈ ಸಿಕ್ಕಿಸಿಕೊಂಡ ರೈತರ ಹುಡುಗನೊಬ್ಬನಿದ್ದ. 1876ರಲ್ಲಿ ಹುಟ್ಟಿದ ಅವನ ಹೆಸರು ಮಾರ್ಡಿಕೈ ಬ್ರೌನ್. ತೋರುಬೆರಳಿನ ಬಹುಭಾಗ ಹೋಯಿತು. ಸಾಲದುದಕ್ಕೆ, ಮುಂದೊಮ್ಮೆ ಎಡವಿ ಬಿದ್ದು ಉಳಿದ ಬೆರಳುಗಳನ್ನೂ ಮುರಿದುಕೊಂಡ. ಅವು ಸೊಟ್ಟಗೆ ಕೂಡಿಕೊಂಡವು.

ಇವನೇ ಬೆಳೆದು, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಬೇಸ್‌ಬಾಲ್ ಆಟದ ಮಹಾ ಚೆಂಡೆಸೆತಗಾರನಾದನೆಂದರೆ ಸೋಜಿಗವಲ್ಲವೇ? ಆ ಆಟದಲ್ಲಿ ಚೆಂಡು ನೆಲಕ್ಕೆ ಪುಟಿಯುವುದಿಲ್ಲ; ನೇರವಾಗಿ ದಾಂಡಿಗನ ಮುಂದೆ ಹಾಯುತ್ತದೆ. ಗಾಳಿಯಲ್ಲೇ ಅದನ್ನು ಬಾಗಿಸಬೇಕು, ಕುಸಿಯುವಂತೆ ಮಾಡಬೇಕು. ಆ ಮಾಟವೆಲ್ಲ ಬೆರಳುಗಳದು. ಬ್ರೌನನ ಸೊಟ್ಟ ಬೆರಳುಗಳಿಂದ ಹೊರಟ ಚೆಂಡು, ನೆಟ್ಟಗಿನ ಬೆರಳುಗಳ ಚೆಂಡಿಗೆ ತಿಳಿಯದ ತಿರುವು ಪಡೆಯುತ್ತಿತ್ತು. ಅವನಿದ್ದ ಷಿಕಾಗೋ ಕಬ್ಸ್ ತಂಡ 1907 ಮತ್ತು 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಅವನ ಲೆಕ್ಕಕ್ಕೆ ಒಟ್ಟು 239 ಗೆಲುವುಗಳು ಸೇರಿದವು. ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ 1949ರಲ್ಲಿ ಅವನಿಗೆ ಸ್ಥಾನ ದೊರೆಯಿತು. ಅವನು ತೀರಿಕೊಂಡದ್ದು 1948ರಲ್ಲಿ!

ಈ ಬ್ರೌನನ ಕಥೆ ಕೇಳಿದ ಕನ್ನಡಿಗರಿಗೆ ನಮ್ಮವರೇ ಒಬ್ಬರು ನೆನಪಾಗದೆ ಇರಲಾರರು. ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಹುಟ್ಟಿದ್ದು 1945ರ ಮೇ 17ರಂದು, ಮೈಸೂರಿನಲ್ಲಿ. ಎಳೆಯ ವಯಸ್ಸಿನಲ್ಲೇ ಪೋಲಿಯೋ ತಗುಲಿ ಬಲದೋಳು ಬಡಕಲಾಯಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಹಿಂದಿರುಗಿಸಲು ಅವರು ಎಡಗೈಯನ್ನೇ ನೆಚ್ಚಿದರು. ಬೌಲಿಂಗಿಗೆ ಮಾತ್ರ ಆ ಬಡಕಲು ತೋಳೇ! ಅದು ಚಾಟಿಯಂತೆ ಸುತ್ತಿ ಬರುತ್ತಿತ್ತು. ಲೆಗ್‌ಸ್ಪಿನ್, ಗೂಗ್ಲಿಗಳನ್ನು ಸ್ಪಿನ್ನರುಗಳಲ್ಲಿ ಕಾಣದ ವೇಗದಲ್ಲಿ ಹಾಕುತ್ತಿದ್ದರು. ಮುಂದಿನ ಚೆಂಡು ಏನು ಮಾಡೀತೆಂಬುದು ಚಂದ್ರಶೇಖರರಿಗೂ ತಿಳಿಯದೆಂದು ನಗೆಯಾಡಿದವರುಂಟು.

ಊನವೇ ವರವಾಯಿತೆಂದು ಹೇಳಿ ಮುಗಿಸಿಬಿಡುವುದು ಸುಲಭ. ಪೋಲಿಯೋ ತಗುಲಿದ ಮಕ್ಕಳ ತಾಯಂದಿರ ಮುಂದೆ ಆ ಮಾತನ್ನಾಡುವ ಧೈರ್ಯ ಯಾರಿಗಿದೆ? ತೋಳು ಕೊಟ್ಟದ್ದು ಒಂದು ವಿಚಿತ್ರ ವೇಗವನ್ನು. ಅದನ್ನು ಅಂಕೆಗೆ ತಂದದ್ದು ಅವರ ವರ್ಷಗಳ ದುಡಿಮೆ. 1964ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್ ಆಡಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದುದನ್ನಂತೂ ಬಿಡಿಸಿಯೇ ಹೇಳಬೇಕು. ಮೊದಲ ಸರದಿಯಲ್ಲಿ ಭಾರತ 71 ರನ್ ಹಿಂದೆ ಬಿದ್ದಿತ್ತು. ಇಂಗ್ಲೆಂಡಿನ ಎರಡನೆಯ ಸರದಿಯಲ್ಲಿ ಲಕ್‌ಹರ್ಸ್ಟ್ ಹೊಡೆದ ಚೆಂಡು ಚಂದ್ರಶೇಖರರ ಕೈಯನ್ನು ಸವರಿ ಎದುರು ತುದಿಯ ವಿಕೆಟ್ಟಿಗೆ ಬಡಿಯಿತು, ಜೇಮ್ಸನ್ ರನ್‌ಔಟ್. ಬಳಿಕ ಎಡ್ರಿಚ್ ಎದುರು ನಿಂತಾಗ ಸರ್‌ದೇಸಾಯಿ ಕೂಗಿ ಹೇಳಿದ್ದು ಒಂದು ಕುದುರೆಯ ಹೆಸರನ್ನು: ಮಿಲ್ ರೀಫ್. ಆ ವರ್ಷ ಡರ್ಬಿ ಗೆದ್ದ ಕುದುರೆ ಅದು. ಅತಿವೇಗದ ಚೆಂಡು ಹಾಕೆಂಬುದಕ್ಕೆ ಅದೇ ಸಂಕೇತ. ದಾಂಡು ಇಳಿಯುವ ಮುನ್ನವೇ ಎಡ್ರಿಚ್‌ರ ಸ್ಟಂಪು ಹಾರಿತ್ತು. ಮರುಚೆಂಡಿಗೆ ಫ್ಲೆಚರ್ ಸೋಲ್ಕರರ ಕೈಗೆ ಸಿಕ್ಕರು. ಇಂಗ್ಲೆಂಡ್ 101 ರನ್ನಿಗೆ ಕುಸಿಯಿತು. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಗಳಿಸಿದರು. ಇಂಗ್ಲೆಂಡಿನ ನೆಲದಲ್ಲಿ ಭಾರತ ಟೆಸ್ಟ್ ಗೆದ್ದದ್ದೂ, ಸರಣಿ ಗೆದ್ದದ್ದೂ ಅದೇ ಮೊದಲು.

1972–73ರಲ್ಲಿ ಸ್ವದೇಶದಲ್ಲಿ ಅದೇ ಇಂಗ್ಲೆಂಡಿನ ವಿರುದ್ಧ ಒಂದೇ ಸರಣಿಯಲ್ಲಿ 35 ವಿಕೆಟ್ ಬಂದವು. 1974ರಲ್ಲಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಾಗ ತಂಡದಲ್ಲಿ ಅವರಿದ್ದರು. 1979ರಲ್ಲಿ ಟೆಸ್ಟ್ ಆಟ ಮುಗಿಯಿತು. 1991ರಲ್ಲಿ ಲಾರಿಯೊಂದರ ಅಪಘಾತಕ್ಕೆ ಸಿಕ್ಕಿ, ಗಾಲಿಕುರ್ಚಿಗೆ ಅಂಟುವಂತಾಯಿತು. ಒಂದು ಅಂಗದ ಊನವನ್ನು ಗೆದ್ದವರಿಗೆ ವಿಧಿ ಮತ್ತೊಂದನ್ನು ತಂದೊಡ್ಡಿತೇಕೋ!

ಅವರ 58 ಟೆಸ್ಟುಗಳ ಲೆಕ್ಕದಲ್ಲಿ 242 ವಿಕೆಟ್ಟುಗಳಿವೆ, ರನ್ನುಗಳು 167 ಮಾತ್ರ. 1977–78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೆಲ್‌ಬೋರ್ನಿನ ಎರಡೂ ಸರದಿಗಳಲ್ಲಿ 52 ರನ್ನಿಗೆ 6ರಂತೆ ವಿಕೆಟ್ ಕಿತ್ತು, ಆ ದೇಶದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟವರು ಅವರೇ. ಅದೇ ಪ್ರವಾಸದಲ್ಲಿ ಅವರು ಸೊನ್ನೆಗೆ ಔಟಾದುದನ್ನು ಎಣಿಸಿಟ್ಟುಕೊಂಡ ದಾಂಡಿನ ಕಂಪನಿಯೊಂದು ವಿಶೇಷ ದಾಂಡನ್ನು ತಯಾರಿಸಿ ಉಡುಗೊರೆಯಾಗಿ ಕೊಟ್ಟಿತು. ಅದರ ನಡುವೆ ಒಂದು ತೂತಿತ್ತು.