ತೊಟ್ಟಿಲಿಗೆ ಬೆಲೆ ಕಟ್ಟುವುದು ಹೇಗೆ?

ಮಲಾಡ್ ಪಶ್ಚಿಮದ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಇಂಥದೊಂದು ಸಂದೇಶ ಬೀಳುತ್ತದೆ: "ಮಗುವಿನ ಸ್ಟ್ರಾಲರ್ ಮಾರಾಟಕ್ಕಿದೆ. ನಾಲ್ಕೇ ಸಲ ಬಳಸಿದ್ದು. ಎಂಆರ್‌ಪಿ 14,999. ನಮ್ಮ ಬೆಲೆ 11,000. ಚೌಕಾಸಿ ಇಲ್ಲ." ಎರಡು ದಿನ ಯಾರೂ ಉತ್ತರಿಸುವುದಿಲ್ಲ. ಮೂರನೆಯ ದಿನ ಒಬ್ಬರು "ಸಾವಿರಕ್ಕೆ ಕೊಡ್ತೀರಾ?" ಎಂದು ಕೇಳುತ್ತಾರೆ. ಮಾರುವವರಿಗೆ ಅವಮಾನವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರು ತಿಂಗಳ ನಂತರ ಅದೇ ಸ್ಟ್ರಾಲರ್ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುತ್ತದೆ, ಇಲ್ಲವೇ ಭಂಗಾರ್‌ವಾಲಾನ ಕೈಗಾಡಿ ಏರಿ ಕಿಲೋ ಲೆಕ್ಕದಲ್ಲಿ ಹೊರಟಿರುತ್ತದೆ. ಅಷ್ಟರಲ್ಲಿ ಎದುರು ಕಟ್ಟಡದ ಇನ್ನೊಂದು ಮನೆಯವರು ಹೊಸ ಸ್ಟ್ರಾಲರ್ ತರಿಸಿ ಮೂರು ಕಂತು ಕಟ್ಟಿಯಾಗಿರುತ್ತದೆ.

ಇಬ್ಬರಿಗೂ ನಷ್ಟ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಬೆಲೆ ಕಟ್ಟುವಾಗ ಒಬ್ಬರು ತಾವು ಕೊಟ್ಟ ದುಡ್ಡನ್ನು ನೋಡುತ್ತಾರೆ, ಇನ್ನೊಬ್ಬರು ‘ಹಳೆಯದಲ್ಲವೇ’ ಎಂಬ ಒಂದೇ ಮಾತನ್ನು ನೋಡುತ್ತಾರೆ. ನನ್ನ ವಾದ ಇಷ್ಟೇ: ಮಗುವಿನ ಹಳೆಯ ಸಾಮಾನಿಗೆ ಹಿಂದಕ್ಕೆ ನೋಡಿ ಬೆಲೆ ಕಟ್ಟಬಾರದು, ಮುಂದಕ್ಕೆ ನೋಡಿ ಕಟ್ಟಬೇಕು. ಮುಂದಿನ ಮಗುವಿಗೆ ಇದರಲ್ಲಿ ಎಷ್ಟು ತಿಂಗಳು ಉಳಿದಿದೆ, ಆ ತಿಂಗಳುಗಳನ್ನು ಅದು ಅಪಾಯವಿಲ್ಲದೆ ಕಳೆಯಬಹುದೇ ಎನ್ನುವುದೇ ಬೆಲೆ. ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಆ ಸಾಮಾನಿಗೆ ಬೆಲೆಯೇ ಇಲ್ಲ. ಬಿಟ್ಟಿಯಾಗಿಯೂ ಅದನ್ನು ಕೊಡಬಾರದು.

ನಮ್ಮೂರುಗಳಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ತೊಟ್ಟಿಲು ಅಟ್ಟದ ಮೇಲಿರುತ್ತಿತ್ತು. ಮನೆಯಲ್ಲಿ ಬಾಣಂತಿ ಇದ್ದಾಗ ಕೆಳಗಿಳಿದು, ಮಗು ಅಂಬೆಗಾಲಿಟ್ಟ ಮೇಲೆ ಅತ್ತೆಯ ಮನೆಗೋ ಚಿಕ್ಕಮ್ಮನ ಮನೆಗೋ ಹೋಗುತ್ತಿತ್ತು. ಮಗುವಿಗೆ ಮೊದಲು ಸುತ್ತುತ್ತಿದ್ದುದೇ ಅಜ್ಜಿಯ ಹಳೆಯ ಹತ್ತಿ ಸೀರೆ. ಉತ್ತರ ಕರ್ನಾಟಕದಲ್ಲಿ ಆ ಹಳೆಯ ಸೀರೆಗಳೇ ಕೌದಿಯಾಗುತ್ತಿದ್ದವು. ಹಳೆಯದೆಂದರೆ ಮೆತ್ತಗಿನದು, ಮನೆಯವರ ಮೈ ತಾಗಿದ್ದು ಎಂಬ ಅರ್ಥವಿತ್ತು. ಮಲಾಡಿನ ಒಂದು ಬೆಡ್‌ರೂಮಿನ ಮನೆಗೆ ಅಟ್ಟವಿಲ್ಲ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಓರ್ಲೆಮ್‌ನಿಂದ ಎವರ್‌ಶೈನ್ ನಗರಕ್ಕೆ, ಅಲ್ಲಿಂದ ಕಾಂದಿವಲಿಗೆ ಮನೆ ಬದಲಾಗುತ್ತಲೇ ಇರುತ್ತದೆ. ಚಿಕ್ಕಮ್ಮ ಉಡುಪಿಯಲ್ಲಿ, ಅಕ್ಕ ಪುಣೆಯಲ್ಲಿ. ತೊಟ್ಟಿಲನ್ನು ಟೆಂಪೋದಲ್ಲಿ ಕಳಿಸುವ ಬಾಡಿಗೆ ತೊಟ್ಟಿಲಿಗಿಂತ ಹೆಚ್ಚು. ಹಾಗಾಗಿ ನೆಂಟಸ್ತಿಕೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಪರಿಚಿತ ನೆರೆಹೊರೆ ಮಾಡಬೇಕಾಗಿದೆ. ಆ ವ್ಯವಹಾರದ ರೀತಿನೀತಿ ಮಾತ್ರ ನಮಗಿನ್ನೂ ರೂಢಿಯಾಗಿಲ್ಲ.

ಮೊದಲು ಮಾರುವವರ ಲೆಕ್ಕ. ಎಂಆರ್‌ಪಿಯನ್ನು ಮರೆತುಬಿಡಿ, ಆ ಬೆಲೆಗೆ ಇಂದು ಹೊಸದನ್ನೂ ಯಾರೂ ಕೊಳ್ಳುವುದಿಲ್ಲ. ಅದೇ ಮಾದರಿ ಈ ಹೊತ್ತು ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಎಷ್ಟಕ್ಕೆ ಸಿಗುತ್ತದೆ ನೋಡಿ. 9,000 ಎಂದುಕೊಳ್ಳೋಣ. ಸ್ಟ್ರಾಲರನ್ನು ಮಗುವಿನ ಆರನೇ ತಿಂಗಳಿಂದ ಮೂರು ವರ್ಷದವರೆಗೆ, ಅಂದರೆ 30 ತಿಂಗಳು ಬಳಸಬಹುದು. ನಿಮ್ಮಲ್ಲಿ 12 ತಿಂಗಳು ಇತ್ತು. ಉಳಿದ 18 ತಿಂಗಳಿಗೆ 5,400. ಆದರೆ ಕೊಳ್ಳುವವರಿಗೆ ವಾರಂಟಿ ಇಲ್ಲ, ವಾಪಸ್ ಕೊಡುವ ಅವಕಾಶವಿಲ್ಲ, ಬಟ್ಟೆ ಒಗೆಯುವ ಕೆಲಸ ಬೇರೆ. ಅದಕ್ಕಾಗಿ ಅರ್ಧ ಬಿಡಿ. 2,700 ನ್ಯಾಯವಾದ ಬೆಲೆ. ಹನ್ನೊಂದು ಸಾವಿರವೂ ಅಲ್ಲ, ಒಂದು ಸಾವಿರವೂ ಅಲ್ಲ.

"ನಾಲ್ಕೇ ಸಲ ಬಳಸಿದ್ದು ಸ್ವಾಮಿ!" ಎನ್ನಬಹುದು. ನಂಬುತ್ತೇನೆ. ಸ್ಟೇಷನ್ ಸುತ್ತಲಿನ ಎಸ್.ವಿ. ರೋಡಿನಲ್ಲಿ ಅಂಗಡಿಯ ಸಾಮಾನು, ನಿಲ್ಲಿಸಿದ ಬೈಕು, ಅಗೆದ ಗುಂಡಿ ಇಲ್ಲದ ಹತ್ತು ಮಾರು ಫುಟ್‌ಪಾತ್ ಹುಡುಕುವುದು ಕಷ್ಟ. ನೂಕುನುಗ್ಗಲಿನ ಲೋಕಲ್ ರೈಲಿಗೆ ಸ್ಟ್ರಾಲರ್ ಹತ್ತಿಸುವ ಮಾತೇ ಇಲ್ಲ. ಅದು ಸಲೀಸಾಗಿ ಉರುಳುವುದು ಲಿಂಕ್ ರೋಡಿನ ಮಾಲ್ ಒಳಗೆ ಮಾತ್ರ. ಆದರೆ ಕೊಳ್ಳುವವರೂ ಇದೇ ಮಲಾಡಿನವರಲ್ಲವೇ? ಅವರೂ ಅದನ್ನು ನಾಲ್ಕೇ ಸಲ ಬಳಸುತ್ತಾರೆ. ಮರದ ಮಂಚ-ತೊಟ್ಟಿಲಿನ ಲೆಕ್ಕ ಬೇರೆ. ಕೀಲು ಗಟ್ಟಿಯಾಗಿದ್ದರೆ ವರ್ಷ ಕಳೆದರೂ ಅದು ಸವೆಯುವುದಿಲ್ಲ. ಇಂದಿನ ಬೆಲೆಯ ಅರ್ಧ ಕೇಳಿದರೆ ತಪ್ಪಿಲ್ಲ.

ಕೊಳ್ಳುವವರಿಗೂ ಒಂದು ಮಾತಿದೆ. ಬೆಲೆ ಒಪ್ಪಿಕೊಂಡು, ಮನೆ ಬಾಗಿಲಿಗೆ ಬಂದ ಮೇಲೆ "ಐನೂರು ಕಡಿಮೆ ಮಾಡಿ" ಎಂದು ಎಳೆಯುವುದು ಚೌಕಾಸಿಯಲ್ಲ. ನಾಳೆ ಮನೆ ಖಾಲಿ ಮಾಡುವವರ ಅವಸರವನ್ನು ಬಳಸಿಕೊಳ್ಳುವುದು ಅದು. ತೊಳೆದು, ಫೋಟೋ ತೆಗೆದು, ಹತ್ತು ಜನರಿಗೆ ಉತ್ತರ ಕೊಟ್ಟವರ ಶ್ರಮಕ್ಕೂ ಆ ಬೆಲೆಯಲ್ಲಿ ಪಾಲಿದೆ. ಕಡಿಮೆ ಕೇಳುವುದಾದರೆ ಕಾರಣ ತೋರಿಸಿ ಕೇಳಿ: ಬ್ರೇಕ್ ಹಿಡಿಯುತ್ತಿಲ್ಲ, ಬೆಲ್ಟಿನ ಬಕಲ್ ಸಡಿಲವಾಗಿದೆ.

ಈ ಕಾರಣ ಕೇಳುವ, ಕಾರಣ ಹೇಳುವ ಮಾತೇ ಇಡೀ ವ್ಯವಹಾರದ ಜೀವ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಸರಕು ಉದ್ದೇಶಕ್ಕೆ ತಕ್ಕಂತಿರಬೇಕು ಎಂಬ ಹೊಣೆ ಮುಖ್ಯವಾಗಿ ಅಂಥ ಸರಕಿನ ವ್ಯಾಪಾರವನ್ನೇ ಮಾಡುವವರ ಮೇಲಿದೆ. ನೆರೆಮನೆಯವರು ತಮ್ಮ ಮಗುವಿನ ಮಂಚ ಮಾರಿದರೆ ಆ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿ ಇರುವ ಏಕೈಕ ಗ್ಯಾರಂಟಿ ಮಾರುವವರ ಬಾಯಿಮಾತು.

ಬಾಯಿಮಾತು ಎಲ್ಲಿ ಸಾಲದು ಎನ್ನುವುದೂ ಗೊತ್ತಿರಬೇಕು. ಕಾರಿನ ಮಗು-ಸೀಟನ್ನು ನೋಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ ಹದಿನಾಲ್ಕರೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಗು-ಸೀಟಿನಿಂದಲೋ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ. ಆದ್ದರಿಂದ ಹಳೆಯ ಸೀಟು ಕೇಳುವವರು ಇದ್ದೇ ಇರುತ್ತಾರೆ. ಆದರೆ ಒಮ್ಮೆ ಜೋರಾದ ಅಪಘಾತ ಕಂಡ ಸೀಟಿನ ಪ್ಲಾಸ್ಟಿಕ್ಕಿನೊಳಗಿನ ಬಿರುಕು ಕಣ್ಣಿಗೆ ಕಾಣದಿರಬಹುದು. ಅದರ ಇತಿಹಾಸ ಪೂರ್ತಿ ಗೊತ್ತಿರುವ ಆಪ್ತರಿಂದಲ್ಲದೆ ಕೊಳ್ಳಬೇಡಿ. ಸೀಟಿನ ಮೇಲೆ ತಯಾರಾದ ದಿನಾಂಕ ಅಚ್ಚಾಗಿರುತ್ತದೆ, ಅದನ್ನು ಓದಿ.

ವಾಕರ್ ಬಗ್ಗೆ ಇನ್ನೂ ನಿಷ್ಠುರವಾಗಿ ಹೇಳುತ್ತೇನೆ. ಮಗುವನ್ನು ಕೂರಿಸಿ ಓಡಾಡಿಸುವ ಚಕ್ರದ ವಾಕರನ್ನು ಕೆನಡಾ 2004ರಲ್ಲಿ ನಿಷೇಧಿಸಿತು; ಅಲ್ಲಿ ಹಳೆಯದನ್ನು ಮಾರುವುದೂ ಅಪರಾಧ. ಕಾಲು ನೆಲಕ್ಕೆ ತಾಗಿದ ಮಗು ಕ್ಷಣದಲ್ಲಿ ಮೆಟ್ಟಿಲ ತುದಿಗೋ ಬಿಸಿ ಸಾರಿನ ಪಾತ್ರೆಯ ಹತ್ತಿರಕ್ಕೋ ತಲುಪಿಬಿಡುತ್ತದೆ ಎಂಬುದೇ ಕಾರಣ. ನಮ್ಮ ಗುಂಪುಗಳಲ್ಲಿ ಹೆಚ್ಚು ಕೈ ಬದಲಾಗುವ ಸಾಮಾನುಗಳಲ್ಲಿ ಅದೂ ಒಂದು. ಪಕ್ಕದ ಕಟಕಟೆ ಮೇಲೆ ಕೆಳಗೆ ಜಾರುವ ಮಂಚಗಳ ಮಾರಾಟವನ್ನು ಅಮೆರಿಕ 2011ರ ಜೂನ್‌ನಲ್ಲಿ ನಿಲ್ಲಿಸಿತು. ಓರೆಯಾಗಿ ಮಲಗಿಸುವ ಫಿಶರ್-ಪ್ರೈಸ್ ಕಂಪನಿಯ ‘ರಾಕ್ ಎನ್ ಪ್ಲೇ’ ತೊಟ್ಟಿಲುಗಳನ್ನು, ಮಕ್ಕಳ ಸಾವುಗಳ ವರದಿಯ ನಂತರ, 2019ರ ಏಪ್ರಿಲ್‌ನಲ್ಲಿ ವಾಪಸ್ ಕರೆಸಿಕೊಳ್ಳಲಾಯಿತು. ಸುಮಾರು 47 ಲಕ್ಷ ತೊಟ್ಟಿಲುಗಳು. ನ್ಯೂಜೆರ್ಸಿಯ ಅಣ್ಣನ ಸೂಟ್‌ಕೇಸಿನಲ್ಲಿ ಬಂದ ಸಾಮಾನಿಗೆ ಇಲ್ಲಿ ‘ಇಂಪೋರ್ಟೆಡ್’ ಎಂದು ಹೆಚ್ಚು ಬೆಲೆ. ಅಲ್ಲಿ ಮಾರಬಾರದ್ದಕ್ಕೆ ಇಲ್ಲಿ ಯಾವ ಬೆಲೆ? ಕೊಳ್ಳುವ ಮುನ್ನ ಮಾದರಿಯ ಹೆಸರು ಹಾಕಿ ಅಂತರ್ಜಾಲದಲ್ಲಿ ಹುಡುಕುವುದು ಐದು ನಿಮಿಷದ ಕೆಲಸ. ಮಂಚದ ಸರಳುಗಳ ನಡುವೆ ಸೋಡಾ ಕ್ಯಾನ್ ತೂರಿದರೆ ಅದು ಬೇಡ. ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇದ್ದರೂ ಬೇಡ.

"ಇಷ್ಟೆಲ್ಲ ಲೆಕ್ಕ ಯಾಕೆ? ಮಗುವಿನ ಸಾಮಾನಿಗೂ ದುಡ್ಡು ಕೇಳುವುದೇ? ಸುಮ್ಮನೆ ಕೊಟ್ಟುಬಿಡಿ" ಎನ್ನುವ ಉದಾರಿಗಳಿದ್ದಾರೆ. ನನ್ನ ಅಮ್ಮನೂ ಇದನ್ನೇ ಹೇಳುತ್ತಾರೆ. ಕೊಡಬಹುದು, ಒಳ್ಳೆಯದೇ. ಆದರೆ ಹಾಗೆ ಕೊಟ್ಟದ್ದು ಬಹಳ ಸಲ ಎಲ್ಲಿಗೆ ಹೋಗುತ್ತದೆ? ಮಾಲ್ವಣಿಯಿಂದಲೋ ಕುರಾರ್‌ನಿಂದಲೋ ಬರುವ ಮನೆಗೆಲಸದ ಹೆಂಗಸಿನ ಕೈಗೆ. ಒಂದು ಚಕ್ರ ಸಿಕ್ಕಿಕೊಳ್ಳುವ ವಾಕರು, ಬೆಲ್ಟಿಲ್ಲದ ಊಟದ ಕುರ್ಚಿ. ಸರಿಯಿಲ್ಲ ಎಂದು ಹೇಳುವಂತಿಲ್ಲ; ಬಿಟ್ಟಿ ಬಂದದ್ದಕ್ಕೆ ದೂರು ಹೇಳಿದರೆ ಕೃತಜ್ಞತೆ ಇಲ್ಲ ಎನ್ನುತ್ತೇವೆ. ಮುನ್ನೂರು ರೂಪಾಯಿ ಕೊಟ್ಟು ಕೊಂಡಿದ್ದರೆ ಆಕೆ ಮಾರನೆಯ ದಿನ ವಾಪಸ್ ತಂದು "ಇದು ನಿಲ್ಲುತ್ತಿಲ್ಲ" ಎನ್ನಬಹುದಿತ್ತು. ಸಣ್ಣ ಬೆಲೆಯಾದರೂ ಅದು ಪ್ರಶ್ನೆ ಕೇಳುವ ಹಕ್ಕು ಕೊಡುತ್ತದೆ.

ದಾನವಾದರೂ ಪರೀಕ್ಷೆ ತಪ್ಪದು ಎನ್ನುವುದಕ್ಕೆ ಈ ಊರಿನಲ್ಲೇ ಉದಾಹರಣೆಯಿದೆ. ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದ ಎದೆಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದು. ಅಲ್ಲಿ ತಾಯಂದಿರು ಹಾಲನ್ನು ಮಾರುವುದಿಲ್ಲ, ಕೊಡುತ್ತಾರೆ. ಹಾಗೆಂದು ಅದು ನೇರವಾಗಿ ಇನ್ನೊಂದು ಮಗುವಿನ ಬಾಯಿಗೆ ಹೋಗುವುದಿಲ್ಲ; ಪಾಶ್ಚರೀಕರಿಸಿ, ಪರೀಕ್ಷಿಸಿದ ಮೇಲೆಯೇ ಹೋಗುತ್ತದೆ. ತಾಯಿಯ ಹಾಲಿಗೇ ಇಷ್ಟು ಎಚ್ಚರ ಬೇಕಾದರೆ, ಸ್ಕ್ರೂ ಕಳಚಿದ ಕುರ್ಚಿಯನ್ನು ‘ಪಾಪ, ಉಪಯೋಗವಾಗಲಿ’ ಎಂದು ಕೊಡುವ ಮುನ್ನ ಒಂದು ಸ್ಕ್ರೂಡ್ರೈವರ್ ಹಿಡಿಯಬಾರದೇ? ವಾಕರ್ ಆದರೆ ಚಕ್ರ ಮುರಿದು ಭಂಗಾರಕ್ಕೆ ಹಾಕಿ. ಇನ್ನೊಂದು ಮನೆಯ ಮಗುವಿನ ತಲೆ ಉಳಿದರೆ ಅದೇ ದಾನ.

ಕೆಲವು ತಿಂಗಳ ಹಿಂದೆ ನಮ್ಮ ಗುಂಪಿಗೆ ಬಂದ ಇನ್ನೊಂದು ಸಂದೇಶ ನನಗೆ ಬಲು ಹಿಡಿಸಿತು. "ಸಾಗುವಾನಿಯ ತೊಟ್ಟಿಲು. ನಮ್ಮ ಇಬ್ಬರು ಮಕ್ಕಳು ಮಲಗಿದ್ದಾರೆ. ಒಂದು ಕಡೆ ಹಲ್ಲಿನ ಗುರುತಿದೆ. ಒಂದು ಕೊಂಡಿ ಹೋದ ವರ್ಷ ಹೊಸದಾಗಿ ಹಾಕಿಸಿದ್ದು. ಹಾಸಿಗೆ ಹಳೆಯದು, ಕೊಡುವುದಿಲ್ಲ, ಹೊಸದು ತೆಗೆದುಕೊಳ್ಳಿ. 2,000. ಬಂದು ಅಲ್ಲಾಡಿಸಿ ನೋಡಿ, ಇಷ್ಟವಾದರೆ ಮಾತ್ರ." ಅರ್ಧ ಗಂಟೆಯಲ್ಲಿ ಹೋಯಿತು. ಕೊಂಡವರು ಒಂದು ರೂಪಾಯಿಯನ್ನೂ ಕಡಿಮೆ ಕೇಳಲಿಲ್ಲವಂತೆ. ಮಕ್ಕಳಿಬ್ಬರೂ ಈಗ ಎಷ್ಟನೇ ಕ್ಲಾಸು ಎಂದು ಮಾತ್ರ ಕೇಳಿದರಂತೆ.